ಡಂಡಾಸ್ ಬೀದಿಗೆ ಮುಖಮಾಡಿದ ಚಿತ್ರಶಾಲೆ

ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊ: ನೂರಿಪ್ಪತ್ತೈದು ವರ್ಷಗಳ ಹಾದಿ

ಟೊರಾಂಟೊ ನಗರದ ಡಂಡಾಸ್ ಬೀದಿಯಲ್ಲಿ 505ನೇ ನಂಬರಿನ ಟ್ರಾಮ್ ಹಿಡಿದು ಹೋಗುವವರಿಗೆ ಬೆವರ್ಲಿ ಮತ್ತು ಮೆಕಾಲ್ ಬೀದಿಗಳ ನಡುವಿನ ಒಂದು ತುಂಡು ದಾರಿ ಮರೆಯುವಂಥದ್ದಲ್ಲ. ಉತ್ತರದ ಮಗ್ಗುಲಲ್ಲಿ ಹತ್ತೊಂಬತ್ತನೆಯ ಶತಮಾನದ ಇಟ್ಟಿಗೆ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಅಗಲ ಕಡಿಮೆ, ಮಾಡು ಚೂಪು, ನೆಲಮಹಡಿಯಲ್ಲಿ ಅಂಗಡಿ. ದಕ್ಷಿಣದ ಮಗ್ಗುಲಲ್ಲಿ ಬೀದಿಯುದ್ದಕ್ಕೂ ಬಾಗಿದ ಗಾಜು, ಗಾಜಿನ ಹಿಂದೆ ಮರದ ಪಕ್ಕೆಲುಬುಗಳು. ಯಾರೋ ದೊಡ್ಡ ದೋಣಿಯೊಂದನ್ನು ದಡಕ್ಕೆಳೆದು ಮಗ್ಗುಲಾಗಿ ಒರಗಿಸಿಟ್ಟ ಹಾಗೆ. ಸಂಜೆಯಾಗಿ ಒಳಗೆ ದೀಪ ಹತ್ತಿದರೆ ಅಲ್ಲಿ ಓಡಾಡುವ ಜನ ಬೀದಿಗೆ ಕಾಣುತ್ತಾರೆ, ಬೀದಿಯ ಜನ ಅವರಿಗೆ ಕಾಣುತ್ತಾರೆ.

ಇದು 2008ರಲ್ಲಿ ಬಂದ ಮುಖ. ಸಂಸ್ಥೆ ಹುಟ್ಟಿದ್ದು 1900ರಲ್ಲಿ. ಬೀದಿಗೆ ಹೀಗೆ ಎದುರಾಗಿ ನಿಲ್ಲಲು ಚಿತ್ರಶಾಲೆಗೆ ನೂರೆಂಟು ವರ್ಷ ಹಿಡಿಯಿತು. ಆ ನೂರೆಂಟು ವರ್ಷಗಳಲ್ಲಿ ಅದು ಹಲವು ಸಲ ಕಟ್ಟಿಕೊಂಡಿತು, ಕೆಡವಿಕೊಂಡಿತು, ಮತ್ತೆ ಕಟ್ಟಿಕೊಂಡಿತು. ಪ್ರತಿ ಸಲವೂ ಸುತ್ತಲಿನ ಕೇರಿ ಒಂದಿಷ್ಟು ಬದಲಾಯಿತು. ಸಂಸ್ಥೆಯ ಚರಿತ್ರೆಯನ್ನು ಸಂಗ್ರಹದ ಪಟ್ಟಿ ಹಿಡಿದು ಬರೆಯಬಹುದು, ನಿರ್ದೇಶಕರ ಹೆಸರು ಹಿಡಿದೂ ಬರೆಯಬಹುದು. ನನಗೆ ಅದನ್ನು ಬಾಗಿಲು, ಗೋಡೆ, ಮೂಲೆಗಳನ್ನು ಹಿಡಿದು ಹೇಳುವುದೇ ಸರಿಯೆನಿಸುತ್ತದೆ.

1817–1913: ಮನೆಯೊಂದು ಊರಿನ ಸ್ವತ್ತಾದದ್ದು

ಟೊರಾಂಟೊ ಇನ್ನೂ ಯಾರ್ಕ್ ಎಂಬ ಸಣ್ಣ ಊರಾಗಿದ್ದಾಗ, 1817ರಲ್ಲಿ, ಡಾರ್ಸಿ ಬೋಲ್ಟನ್ ಎಂಬ ಸಿರಿವಂತ ತನ್ನ ನೂರು ಎಕರೆ ಜಮೀನಿನಲ್ಲಿ ಇಟ್ಟಿಗೆಯ ಮನೆಯೊಂದನ್ನು ಕಟ್ಟಿಸಿದ. ಅದಕ್ಕೆ 'ದಿ ಗ್ರೇಂಜ್' ಎಂದು ಹೆಸರು. ಆ ಜಮೀನು ಇಂದಿನ ಕ್ವೀನ್ ಬೀದಿಯಿಂದ ಬ್ಲೂರ್ ಬೀದಿಯವರೆಗೆ ಉದ್ದಕ್ಕೆ ಚಾಚಿತ್ತು. ಊರು ಬೆಳೆದಂತೆ ಜಮೀನು ಸೈಟು ಸೈಟಾಗಿ ಮಾರಿಹೋಗಿ, ಕೊನೆಗೆ ಉಳಿದದ್ದು ಮನೆ ಮತ್ತು ಅದರ ಮುಂದಿನ ಹುಲ್ಲುಹಾಸು. ಬೋಲ್ಟನ್‌ನ ಮಗ ವಿಲಿಯಂ ನಗರದ ಮೇಯರ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಹ್ಯಾರಿಯೆಟ್, ಆಕ್ಸ್‌ಫರ್ಡಿನಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಗೋಲ್ಡ್‌ವಿನ್ ಸ್ಮಿತ್ ಅವರನ್ನು 1875ರಲ್ಲಿ ಮದುವೆಯಾದರು. ಇಬ್ಬರ ಕಾಲದಲ್ಲೂ ಆ ಮನೆ ಪಂಡಿತರಿಗೆ, ರಾಜಕಾರಣಿಗಳಿಗೆ ಬಿಡಾರವಾಗಿತ್ತು.

ಇತ್ತ 1900ರಲ್ಲಿ, ಒಂಟಾರಿಯೊ ಕಲಾವಿದರ ಸಂಘದವರೂ ನಗರದ ಕೆಲವು ಗಣ್ಯರೂ ಸೇರಿ 'ಆರ್ಟ್ ಮ್ಯೂಸಿಯಂ ಆಫ್ ಟೊರಾಂಟೊ' ಸ್ಥಾಪಿಸಿದರು. ಮುಂದಾಳು ಬ್ಯಾಂಕರ್ ಬೈರನ್ ಎಡ್ಮಂಡ್ ವಾಕರ್. ಆಗಿನ ಟೊರಾಂಟೊದಲ್ಲಿ ಬ್ಯಾಂಕು, ಕಾರ್ಖಾನೆ, ಚರ್ಚುಗಳಿಗೆ ಕೊರತೆಯಿರಲಿಲ್ಲ. ಸಾಮಾನ್ಯ ಜನ ವರ್ಷವಿಡೀ ಬಂದು ಒಳ್ಳೆಯ ಚಿತ್ರಗಳನ್ನು ನೋಡಲು ಒಂದು ಸ್ವಂತ ಸೂರು ಮಾತ್ರ ಇರಲಿಲ್ಲ. ಹೊಸ ಸಂಸ್ಥೆಗೂ ಸೂರಿರಲಿಲ್ಲ, ಹೆಸರಷ್ಟೇ ಇತ್ತು.

ಹ್ಯಾರಿಯೆಟ್ ಸ್ಮಿತ್ 1909ರಲ್ಲಿ ತೀರಿಕೊಂಡರು, ಮರುವರ್ಷ ಗೋಲ್ಡ್‌ವಿನ್ ಸ್ಮಿತ್. ಹ್ಯಾರಿಯೆಟ್ ಅವರ ಉಯಿಲಿನಂತೆ ಗ್ರೇಂಜ್ ಮನೆ ಈ ಚಿತ್ರಶಾಲೆಗೆ ಸೇರಿತು. 1911ರಲ್ಲಿ ಸಂಸ್ಥೆ ನಗರದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಮನೆಯ ದಕ್ಷಿಣದ ಜಾಗ ಸಾರ್ವಜನಿಕ ಉದ್ಯಾನವಾಗಿ ಉಳಿಯಬೇಕೆಂದು ನಿಶ್ಚಯವಾಯಿತು. ಅದೇ ಇಂದಿನ ಗ್ರೇಂಜ್ ಪಾರ್ಕ್. 1913ರಲ್ಲಿ ಮನೆಯ ಕೋಣೆಗಳಲ್ಲಿ ಮೊದಲ ಪ್ರದರ್ಶನ ನಡೆಯಿತು. ಆ ಒಪ್ಪಂದಕ್ಕೆ ಬೆಲೆ ಕಟ್ಟಲಾಗದು. ನಗರದ ಮಧ್ಯದಲ್ಲಿ ಅಷ್ಟು ಹಸಿರು ಇವತ್ತಿಗೂ ಉಳಿದಿದ್ದರೆ ಅದಕ್ಕೆ ಆ ಒಂದು ಕಾಗದವೇ ಕಾರಣ.

1916–1935: ದೊಡ್ಡ ನಕ್ಷೆ, ಚಿಕ್ಕ ಕಟ್ಟಡ

ವಾಸ್ತುಶಿಲ್ಪಿಗಳಾದ ಡಾರ್ಲಿಂಗ್ ಮತ್ತು ಪಿಯರ್ಸನ್ ಸಿದ್ಧಪಡಿಸಿದ ನಕ್ಷೆಯಲ್ಲಿ ಮೂವತ್ತು ಪ್ರದರ್ಶನ ಕೋಣೆಗಳಿದ್ದವು, ಮೂರು ತೆರೆದ ಅಂಗಳಗಳಿದ್ದವು. ಒಂದರಲ್ಲಿ ಇಂಗ್ಲಿಷ್ ತೋಟ, ಇನ್ನೊಂದರಲ್ಲಿ ಇಟಲಿಯ ತೋಟ. ಕಾಸಿಗೆ ತಕ್ಕ ಕಜ್ಜಾಯ ಎನ್ನುವಂತೆ ಕೆಲಸ ಕಂತು ಕಂತಾಗಿ ಸಾಗಿತು. 1916ರಲ್ಲಿ ಶುರುವಾದ ಮೊದಲ ಮೂರು ಕೋಣೆಗಳು 1918ರಲ್ಲಿ ತೆರೆದವು. 1926ಕ್ಕೆ ಇನ್ನೆರಡು ಕೋಣೆಗಳೂ ಅವುಗಳ ನಡುವೆ ಕಮಾನುಗಳ ಅಂಗಳವೂ ಬಂದವು. 1935ರಲ್ಲಿ ಮತ್ತೆರಡು. ಮೂವತ್ತರ ಕನಸು ಅಲ್ಲಿಗೇ ನಿಂತಿತು. 1924ರಲ್ಲಿ ತೀರಿಕೊಂಡ ವಾಕರ್ ಅವರ ಹೆಸರನ್ನು ಆ ಅಂಗಳಕ್ಕಿಟ್ಟರು. ಅಲ್ಲಿಂದಾಚೆಗೆ ಎಷ್ಟೇ ಕಟ್ಟಿದರೂ ಕೆಡವಿದರೂ ವಾಕರ್ ಕೋರ್ಟ್ ಮಾತ್ರ ತೊಟ್ಟಿಮನೆಯ ತೊಟ್ಟಿಯಂತೆ ನಡುವೆ ಉಳಿದುಬಂದಿದೆ.

ಬೀದಿಯೂ ಆಗಷ್ಟೇ ಹುಟ್ಟುತ್ತಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಈಗಿನ ಡಂಡಾಸ್ ಬೀದಿ ಒಂದೇ ಗೆರೆ ಎಳೆದು ಮಾಡಿದ ಬೀದಿಯಲ್ಲ. ಸೇಂಟ್ ಪ್ಯಾಟ್ರಿಕ್ ಮುಂತಾದ ಬೇರೆ ಬೇರೆ ಬೀದಿಗಳನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಒಂದಕ್ಕೊಂದು ಹೊಲಿದು ಮಾಡಿದ್ದು. ಅದಕ್ಕೇ ಅಲ್ಲಲ್ಲಿ ಸೊಟ್ಟ. ಹತ್ತಿರದ ಸುರಂಗ ರೈಲು ನಿಲ್ದಾಣಕ್ಕೆ ಇಂದಿಗೂ ಸೇಂಟ್ ಪ್ಯಾಟ್ರಿಕ್ ಎಂದೇ ಹೆಸರು. ಗ್ರೇಂಜ್ ಮನೆಯ ಮುಖ ದಕ್ಷಿಣಕ್ಕೆ, ಉದ್ಯಾನದ ಕಡೆಗೆ. ಹಾಗಾಗಿ ಬೀದಿ ಹಾದುಹೋದದ್ದು ಅದರ ಬೆನ್ನಿಗೆ. ಹೊಸ ಕೋಣೆಗಳನ್ನು ಕಟ್ಟಿದ್ದೂ ಆ ಬೆನ್ನಿಗೇ. ಮನೆಯ ಹಿತ್ತಲು ಚಿತ್ರಶಾಲೆಯ ಮುಂಬಾಗಿಲಾದ ಈ ಗೊಂದಲವನ್ನು ಮುಂದಿನ ಪ್ರತಿ ತಲೆಮಾರೂ ತನ್ನ ರೀತಿಯಲ್ಲಿ ಬಿಡಿಸಲು ನೋಡಿತು.

1919ರಲ್ಲಿ ಹೆಸರು 'ಆರ್ಟ್ ಗ್ಯಾಲರಿ ಆಫ್ ಟೊರಾಂಟೊ' ಆಯಿತು. 1920ರ ಮೇ ತಿಂಗಳಲ್ಲಿ 'ಗ್ರೂಪ್ ಆಫ್ ಸೆವೆನ್' ಎಂಬ ಕಲಾವಿದರ ಬಳಗ ತನ್ನ ಮೊದಲ ಪ್ರದರ್ಶನವನ್ನು ಇಲ್ಲೇ ನಡೆಸಿತು. ಕೆನಡಾದ ಕಾಡು, ಬಂಡೆ, ಸರೋವರಗಳನ್ನು ದಪ್ಪ ಬಣ್ಣದಲ್ಲಿ ಬರೆದ ಆ ಏಳು ಜನರಿಂದ ಆ ದೇಶಕ್ಕೆ ತನ್ನದೇ ಚಿತ್ರಕಲೆ ಇದೆ ಎಂಬ ಧೈರ್ಯ ಬಂತು.

1927ರಿಂದ: ಶನಿವಾರದ ಮಕ್ಕಳು

ಆ ಏಳರಲ್ಲಿ ಒಬ್ಬರಾದ ಆರ್ಥರ್ ಲಿಸ್ಮರ್ 1927ರಲ್ಲಿ ಇಲ್ಲಿ ಕಲಾಶಿಕ್ಷಣದ ಹೊಣೆ ಹೊತ್ತರು. ಶನಿವಾರ ಬೆಳಿಗ್ಗೆ ನಗರದ ಮಕ್ಕಳಿಗೆ ತರಗತಿ ಶುರುವಾಯಿತು. ಮಕ್ಕಳು ಗ್ಯಾಲರಿಯ ನೆಲದ ಮೇಲೆಯೇ ಕಾಗದ ಹಾಸಿಕೊಂಡು, ಹೊಟ್ಟೆಯ ಮೇಲೆ ಮಲಗಿ ಚಿತ್ರ ಬರೆದರು. 1933ರಲ್ಲಿ ಮಕ್ಕಳ ಕಲಾಕೇಂದ್ರವೇ ತೆರೆಯಿತು. ಅದು ಆರ್ಥಿಕ ಕುಸಿತದ ಕಾಲ, ಮನೆಮನೆಯಲ್ಲೂ ಅಪ್ಪಂದಿರಿಗೆ ಕೆಲಸವಿರಲಿಲ್ಲ.

ಸುತ್ತಲಿನ ಕೇರಿ ವಲಸಿಗರದು. ಪಶ್ಚಿಮಕ್ಕೆ ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ, ಸ್ಪಡೈನಾ ಬೀದಿಯ ಬಟ್ಟೆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಯಹೂದಿ ಕುಟುಂಬಗಳು. ಪೂರ್ವಕ್ಕೆ ಎಲಿಜಬೆತ್ ಬೀದಿಯ ಚೀನೀ ಕೇರಿ. ಹೊಸ ಪುರಭವನಕ್ಕೂ ಅದರ ಚೌಕಕ್ಕೂ ಜಾಗ ಬೇಕೆಂದು ಆ ಚೀನೀ ಕೇರಿಯ ಹೆಚ್ಚುಪಾಲನ್ನು ನಗರಾಡಳಿತ ತೆರವು ಮಾಡಿಸಿದಾಗ ಅವರ ಅಂಗಡಿ, ಹೋಟೆಲುಗಳು ಡಂಡಾಸ್ ಬೀದಿಯಲ್ಲೇ ಪಶ್ಚಿಮಕ್ಕೆ ಸರಿದು ಸ್ಪಡೈನಾವರೆಗೆ ಹಬ್ಬಿದವು. ಹೀಗೆ ಚಿತ್ರಶಾಲೆ ಗಣ್ಯರ ಮನೆಯಲ್ಲಿ ಹುಟ್ಟಿ, ಬಡವರ ನೆರೆಯಲ್ಲಿ ಬೆಳೆಯಿತು. ಆ ನೆರೆಯವರಿಗೆ ಇದು ತಮ್ಮದು ಅನ್ನಿಸಿತೇ ಎಂಬ ಪ್ರಶ್ನೆಗೆ ಲಿಸ್ಮರ್ ಅವರ ಶನಿವಾರಗಳು ಒಳ್ಳೆಯ ಉತ್ತರ ಕೊಟ್ಟವು. ಕಟ್ಟಡಕ್ಕೆ ಅಂಥ ಉತ್ತರ ಬಹಳ ಕಾಲ ಒದಗಲಿಲ್ಲ.

ಅಂಥ ನೆರೆಮನೆಯ ಹುಡುಗನೊಬ್ಬನನ್ನು ಇಲ್ಲೇ ನೆನೆಯಬೇಕು. 1929ರಲ್ಲಿ ಹುಟ್ಟಿದ ಫ್ರಾಂಕ್ ಗೋಲ್ಡ್‌ಬರ್ಗ್. ಅವನ ಅಜ್ಜ ಅಜ್ಜಿಯ ಮನೆ ಬೆವರ್ಲಿ ಬೀದಿಯಲ್ಲಿ, ಅಜ್ಜನ ಹಾರ್ಡ್‌ವೇರ್ ಅಂಗಡಿ ಕ್ವೀನ್ ಬೀದಿಯಲ್ಲಿ. ಅಜ್ಜಿ ಮೊಮ್ಮಗನೊಡನೆ ನೆಲದ ಮೇಲೆ ಕೂತು, ಚೀಲದಿಂದ ಮರದ ಚೂರುಗಳನ್ನು ಸುರಿದು ಮನೆ, ಸೇತುವೆ, ಊರು ಕಟ್ಟುತ್ತಿದ್ದರು. ಹುಡುಗ ಚಿತ್ರಗಳನ್ನು ಮೊದಲು ನೋಡಿದ್ದು ಈ ಚಿತ್ರಶಾಲೆಯಲ್ಲೇ. 1947ರಲ್ಲಿ ಕುಟುಂಬ ಲಾಸ್ ಏಂಜಲೀಸಿಗೆ ಹೋಯಿತು. ಹುಡುಗ ಮುಂದೆ ಫ್ರಾಂಕ್ ಗೆಹ್ರಿ ಎಂದು ಹೆಸರು ಬದಲಿಸಿಕೊಂಡ.

1966–1993: ಕಾಂಕ್ರೀಟಿನ ವರ್ಷಗಳು

1966ರಲ್ಲಿ ಸಂಸ್ಥೆಗೆ ಈಗಿನ ಹೆಸರು ಬಂತು. ಅದೇ ವರ್ಷ ಹೊಸ ಪುರಭವನದ ಮುಂದೆ ಬ್ರಿಟಿಷ್ ಶಿಲ್ಪಿ ಹೆನ್ರಿ ಮೂರ್ ಅವರ 'ದಿ ಆರ್ಚರ್' ಶಿಲ್ಪ ನಿಂತಿತು. ಅದಕ್ಕೆ ನಗರಸಭೆ ಹಣ ಕೊಡಲೊಪ್ಪಲಿಲ್ಲ. ಮೇಯರ್ ಫಿಲಿಪ್ ಗಿವೆನ್ಸ್ ಜನರಿಂದ ಚಂದಾ ಎತ್ತಿ ತಂದರು, ಆಮೇಲೆ ಚುನಾವಣೆಯಲ್ಲಿ ಸೋತರು. ಮೂರ್ ಮಾತ್ರ ಟೊರಾಂಟೊದ ಆ ಅಕ್ಕರೆಯನ್ನು ಮರೆಯಲಿಲ್ಲ. ತಮ್ಮ ಕೃತಿಗಳ ದೊಡ್ಡ ರಾಶಿಯನ್ನೇ ಈ ಚಿತ್ರಶಾಲೆಗೆ ಕೊಟ್ಟರು. ವಾಸ್ತುಶಿಲ್ಪಿ ಜಾನ್ ಸಿ. ಪಾರ್ಕಿನ್ ವಿನ್ಯಾಸದ ಹೆನ್ರಿ ಮೂರ್ ಶಿಲ್ಪಕೇಂದ್ರ 1974ರಲ್ಲಿ ತೆರೆಯಿತು. ಅಲ್ಲಿ ಸೂರ್ಯನ ಬೆಳಕು ಮಾಡಿನಿಂದ ಇಳಿದು ಬಿಳಿಯ ಪ್ಲಾಸ್ಟರ್ ಮೂರ್ತಿಗಳ ಮೇಲೆ ಬೀಳುತ್ತದೆ. ಮೂರ್ ಅವರ ಕೃತಿಗಳ ಅತಿ ದೊಡ್ಡ ಸಾರ್ವಜನಿಕ ಸಂಗ್ರಹ ಇದು. 1977ರಲ್ಲಿ ಮುಂದಿನ ಹಂತವೂ ಮುಗಿಯಿತು.

ಒಳಗೆ ಬೆಳಕಿನ ಸೊಬಗು, ಹೊರಗೆ ಕಾಂಕ್ರೀಟಿನ ಕುರುಡು ಗೋಡೆ. ಡಂಡಾಸ್ ಬೀದಿಯಲ್ಲಿ ನಡೆಯುವವನಿಗೆ ಆ ಗೋಡೆಯ ಹಿಂದೆ ಏನಿದೆ ಎಂದು ತಿಳಿಯುವಂತಿರಲಿಲ್ಲ. ಬೀದಿಯನ್ನು ಕಾಪಾಡಿದ್ದು ಮೆಕಾಲ್ ಮೂಲೆಯಲ್ಲಿಟ್ಟ ಮೂರ್ ಅವರ 'ಲಾರ್ಜ್ ಟೂ ಫಾರ್ಮ್ಸ್' ಎಂಬ ಜೋಡಿ ಕಂಚಿನ ಶಿಲ್ಪ. ಮುಟ್ಟಬೇಡಿ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಮಕ್ಕಳು ಅದರ ತೂತಿನೊಳಗೆ ಹತ್ತಿ ಜಾರಿದರು, ದೊಡ್ಡವರು ಊಟದ ಡಬ್ಬಿ ಬಿಚ್ಚಿ ಒರಗಿ ಕೂತರು. ನಾಲ್ಕು ದಶಕಗಳ ಜಾರಾಟದಲ್ಲಿ ಹೊರಮೈಯ ಕಪ್ಪು ಹಸಿರು ಬಣ್ಣ ಒಳತಿರುವಿನಲ್ಲಿ ಸವೆದು, ದೇವಸ್ಥಾನದ ಹಿತ್ತಾಳೆ ಹೊಸ್ತಿಲಿನ ಹಾಗೆ ಹೊಳೆಯತೊಡಗಿತು.

1993ರಲ್ಲಿ ಬಾರ್ಟನ್ ಮೈಯರ್ಸ್ ಮತ್ತು ಸಂಗಡಿಗರ ವಿನ್ಯಾಸದಲ್ಲಿ ಮತ್ತೊಂದು ವಿಸ್ತರಣೆಯಾಯಿತು. ಇಟ್ಟಿಗೆ, ಗಾಜಿನ ಗೋಪುರ ಬಳಸಿ ಎದುರು ಸಾಲಿನ ಮನೆಗಳೊಂದಿಗೆ ಮಾತಾಡುವ ಪ್ರಾಮಾಣಿಕ ಪ್ರಯತ್ನ ಅದರಲ್ಲಿತ್ತು. ಪ್ರವೇಶ ಮಾತ್ರ ವಾಕರ್ ಕೋರ್ಟಿನ ನೇರಕ್ಕಿರಲಿಲ್ಲ. ಒಳಗೆ ಬಂದವರು ನಡುಮನೆ ಎಲ್ಲಿ ಎಂದು ಹುಡುಕಬೇಕಿತ್ತು.

2002–2008: ಹಳೆಯ ಹುಡುಗ ಮರಳಿ ಬಂದ

ಪತ್ರಿಕೋದ್ಯಮಿ ಕೆನ್ ಥಾಮ್ಸನ್ 2002ರಲ್ಲಿ ತಮ್ಮ ಸಂಗ್ರಹದ ಸುಮಾರು 2,000 ಕೃತಿಗಳನ್ನು ಕೊಡುವುದಾಗಿ ಹೇಳಿದರು. ಅದರಲ್ಲಿ ಕೆನಡಾದ ಚಿತ್ರಗಳಿದ್ದವು, ಹಡಗಿನ ಮಾದರಿಗಳಿದ್ದವು, ಅದೇ ವರ್ಷ ಲಂಡನ್ನಿನ ಹರಾಜಿನಲ್ಲಿ 4.95 ಕೋಟಿ ಪೌಂಡಿಗೆ ಬಿಕರಿಯಾದ ರೂಬೆನ್ಸ್‌ನ 'ಮ್ಯಾಸಕರ್ ಆಫ್ ದಿ ಇನೊಸೆಂಟ್ಸ್' ಇತ್ತು. ಇವನ್ನೆಲ್ಲ ಇಡಲು ಜಾಗ ಬೇಕಿತ್ತು. ಆಗಿನ ನಿರ್ದೇಶಕ ಮ್ಯಾಥ್ಯೂ ಟೈಟಲ್‌ಬಾಮ್ ಮತ್ತು ಥಾಮ್ಸನ್ ಆರಿಸಿದ್ದು ಗೆಹ್ರಿಯವರನ್ನು. ಸ್ಪೇನಿನ ಬಿಲ್ಬಾವೊದಲ್ಲಿ ಗುಗೆನ್‌ಹೈಮ್ ಕಲಾಸಂಗ್ರಹಾಲಯ ಕಟ್ಟಿ ಜಗತ್ಪ್ರಸಿದ್ಧರಾಗಿದ್ದ ಅವರು ಹುಟ್ಟಿದ ದೇಶದಲ್ಲಿ ಅಲ್ಲಿಯವರೆಗೆ ಒಂದೂ ಕಟ್ಟಡ ಕಟ್ಟಿರಲಿಲ್ಲ.

2004ರಲ್ಲಿ ನಕ್ಷೆ ಹೊರಬಂದಾಗ ಎಲ್ಲರೂ ಒಂದೇ ದನಿಯಲ್ಲಿ ಒಪ್ಪಿದರೆಂದು ಹೇಳಲಾಗದು. 1993ರ ವಿಸ್ತರಣೆಗೆ ಉದಾರವಾಗಿ ಕೊಟ್ಟಿದ್ದ ದಾನಿಗಳಿಗೆ ಆ ಭಾಗ ಬದಲಾಗುವುದು ನೋವು ತಂದಿತು. ಆ ಭಾಗ ಕಟ್ಟಿ ಹತ್ತು ಚಿಲ್ಲರೆ ವರ್ಷವಷ್ಟೇ ಆಗಿತ್ತು, ಅವರ ಬೇಸರ ಸಹಜವಾದದ್ದೇ. ಗ್ರೇಂಜ್ ಪಾರ್ಕಿನ ನೆರೆಯವರಿಗೆ ಹಿಂಬದಿಯ ಎತ್ತರದ ಬಗ್ಗೆ ಆತಂಕವಿತ್ತು. ಸಭೆಗಳು ನಡೆದವು, ಮಾತುಕತೆಗಳಾದವು, ಕೆಲಸ ಮುಂದೆ ಸಾಗಿತು. 2007ರ ಅಕ್ಟೋಬರಿನಲ್ಲಿ ಚಿತ್ರಶಾಲೆ ಪೂರ್ತಿ ಬಾಗಿಲು ಹಾಕಿ, 2008ರ ನವೆಂಬರ್ 14ರಂದು ಮತ್ತೆ ತೆರೆಯಿತು. ಒಟ್ಟು ವೆಚ್ಚ 27.6 ಕೋಟಿ ಕೆನಡಾ ಡಾಲರ್. ಪ್ರದರ್ಶನದ ಜಾಗ ಶೇ. 47ರಷ್ಟು ಹೆಚ್ಚಿತು. 2006ರಲ್ಲಿ ತೀರಿಕೊಂಡ ಥಾಮ್ಸನ್ ಅದನ್ನು ಕಾಣಲಿಲ್ಲ.

ಗೆಹ್ರಿ ಮಾಡಿದ ಮೊದಲ ಕೆಲಸ, ಬಾಗಿಲನ್ನು ನಡುವಿಗೆ ತಂದದ್ದು. ಈಗ ಡಂಡಾಸ್ ಬೀದಿಯ ಬಾಗಿಲು, ವಾಕರ್ ಕೋರ್ಟ್, ಅದರಾಚೆಗೆ ಹಳೆಯ ಗ್ರೇಂಜ್ ಮನೆ ಒಂದೇ ನೇರದಲ್ಲಿವೆ. ಹಿತ್ತಲು–ಮುಂಬಾಗಿಲಿನ ಹಳೆಯ ಗೊಂದಲ ಅಲ್ಲಿಗೆ ಬಗೆಹರಿಯಿತು. ವಾಕರ್ ಕೋರ್ಟಿನಿಂದ ಮರದ ಸುರುಳಿ ಮೆಟ್ಟಿಲು ಗಾಜಿನ ಮಾಡನ್ನು ತೂರಿಕೊಂಡು ಮೇಲಕ್ಕೆ ಹೋಗುತ್ತದೆ.

ಎರಡನೆಯದು ಬೀದಿಯ ಮುಖ. ಬಾಗಿಲ ಮೇಲ್ಗಡೆ, ಬೀದಿಯುದ್ದಕ್ಕೂ, 450 ಅಡಿ ಉದ್ದದ ಪಡಸಾಲೆ. 26 ಇಟಾಲಿಯನ್–ಕೆನೇಡಿಯನ್ ಕುಟುಂಬಗಳ ಕೊಡುಗೆಯ ನೆನಪಿಗೆ ಅದಕ್ಕೆ 'ಗ್ಯಾಲರಿಯಾ ಇಟಾಲಿಯಾ' ಎಂದು ಹೆಸರು. ತೆಳು ಹಲಗೆಗಳನ್ನು ಪದರ ಪದರವಾಗಿ ಅಂಟಿಸಿ ಬಾಗಿಸಿದ ಡಗ್ಲಸ್ ಫರ್ ಮರದ ಕಮಾನುಗಳು ಸಾಲಾಗಿ ನಿಂತು ಗಾಜನ್ನು ಹೊತ್ತಿವೆ. ಎರಡೂ ತುದಿಯಲ್ಲಿ ಗಾಜು ಕಟ್ಟಡವನ್ನು ಬಿಟ್ಟು ಹೊರಕ್ಕೆ, ಹಾಯಿ ಬಿಚ್ಚಿದ ಹಾಗೆ ಚಾಚಿದೆ. ಒಳಗೆ ಇಟಲಿಯ ಶಿಲ್ಪಿ ಜುಸೆಪ್ಪೆ ಪೆನೋನೆಯವರ 'ವರ್ಸೈ ಸೀಡರ್' ಇಟ್ಟಿದ್ದರು. 1999ರ ಬಿರುಗಾಳಿಗೆ ಫ್ರಾನ್ಸಿನ ವರ್ಸೈನಲ್ಲಿ ಉರುಳಿದ ದೊಡ್ಡ ದೇವದಾರು ಮರ ಅದು. ಅದರ ಕಾಂಡವನ್ನು ಉಂಗುರ ಉಂಗುರವಾಗಿ ಕೊರೆಯುತ್ತ ಹೋಗಿ, ಆ ಮರ ಎಳೆಯದಾಗಿದ್ದಾಗಿನ ತೆಳ್ಳನೆಯ ರೂಪವನ್ನು ಅದರೊಳಗೇ ಬಿಡಿಸಿ ತೋರಿಸಿದ್ದಾರೆ. ಪಡಸಾಲೆಯಲ್ಲಿ ನಿಂತು ಹೊರಗೆ ನೋಡಿದರೆ ಕಣ್ಣಿನ ಮಟ್ಟಕ್ಕೆ ಎದುರು ಮನೆಗಳ ಚೂಪು ಮಾಡು, ಹೊಗೆಗೂಡು, ಕೆಳಗೆ ಟ್ರಾಮ್ ತಂತಿ. ನೆಲದಿಂದ ನೋಡುವಾಗ ಹಳತಾಗಿ, ಸೋತ ಹಾಗೆ ಕಾಣುವ ಆ ಸಾಲು ಮೇಲಿನಿಂದ ಚೌಕಟ್ಟು ಹಾಕಿಟ್ಟ ಚಿತ್ರವಾಗುತ್ತದೆ. ಈ ನವೀಕರಣದ ದೊಡ್ಡ ಸಾಧನೆ ಇದೇ ಎಂದು ನನ್ನ ಎಣಿಕೆ. ಎದುರಿನ ಬೀದಿಯನ್ನೂ ಅದು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ದಕ್ಷಿಣಕ್ಕೆ, ಉದ್ಯಾನದ ಕಡೆ, ನೀಲಿ ಟೈಟಾನಿಯಂ ಹೊದಿಸಿದ ದೊಡ್ಡ ಪೆಟ್ಟಿಗೆಯಂಥ ಕಟ್ಟು ಗ್ರೇಂಜ್ ಮನೆಯ ಬೆನ್ನಿಗೆ ಎದ್ದಿದೆ. ಮೋಡವಿಲ್ಲದ ದಿನ ಅದು ಆಕಾಶದಲ್ಲಿ ಕರಗಿದಂತಿರುತ್ತದೆ. ಮಬ್ಬಿನ ದಿನ ಮಾತ್ರ ಪುಟ್ಟ ಮನೆಯ ಮೇಲೆ ಭಾರವಾಗಿ ಕಾಣುತ್ತದೆ. ನೆರೆಯವರ ಆತಂಕ ಸುಳ್ಳಾಗಿರಲಿಲ್ಲ ಎಂದು ಆ ದಿನಗಳಲ್ಲಿ ಅನ್ನಿಸುತ್ತದೆ.

2008ರ ನಂತರ: ಬೀದಿಯ ಬದಲಾವಣೆ

ಬಿಲ್ಬಾವೊದಲ್ಲಿ ಗೆಹ್ರಿ ಕಟ್ಟಡಕ್ಕೆ ಸುತ್ತ ನದಿ, ಬಯಲು ಇದ್ದವು. ಇಲ್ಲಿ ಇದ್ದದ್ದು ಟ್ರಾಮ್ ಓಡುವ ಇಕ್ಕಟ್ಟಾದ ಬೀದಿ. ದೂರ ನಿಂತು ನೋಡಲು ಜಾಗವಿಲ್ಲ, ನಡೆಯುತ್ತಲೇ ನೋಡಬೇಕು. ಕಟ್ಟಡವನ್ನು ರೂಪಿಸಿದ್ದೂ ನಡೆಯುವವರಿಗಾಗಿಯೇ. ಪುಟ್‌ಪಾತಿನ ಮೇಲೆ ಗಾಜಿನ ಚಾಚು ನೆರಳಾಗಿ, ಮಳೆಗೆ ಮರೆಯಾಗಿ ಬಾಗಿದೆ. ಅಂಗಡಿ, ಊಟದ ಮನೆ ಬೀದಿಯ ಮಟ್ಟಕ್ಕೆ ಬಂದು ಕಿಟಕಿ ತೆರೆದಿವೆ. ಕುರುಡು ಗೋಡೆಯಿದ್ದಲ್ಲಿ ಈಗ ಜನ ನಿಲ್ಲುತ್ತಾರೆ. ಎದುರಿನ ಹಳೆಯ ಮನೆಗಳಲ್ಲಿ ಎಪ್ಪತ್ತರ ದಶಕದಿಂದಲೇ ಇರುವ ಬೌ-ಶಿಯಂಥ ಖಾಸಗಿ ಗ್ಯಾಲರಿಗಳಿಗೆ ದೊಡ್ಡ ನೆರೆಮನೆಯ ಬೆಳಕು ತಾಗಿತು. ಮೆಕಾಲ್ ಬೀದಿಯಲ್ಲಿ ಕಲಾ ಕಾಲೇಜಿನವರು 2004ರಲ್ಲೇ, ವಿಲ್ ಆಲ್ಸಾಪ್ ವಿನ್ಯಾಸದಲ್ಲಿ, ಬಣ್ಣದ ಪೆನ್ಸಿಲುಗಳಂಥ ಕಾಲುಗಳ ಮೇಲೆ ಮೇಜಿನಂಥ ಕಟ್ಟಡವನ್ನು ಎತ್ತಿ ನಿಲ್ಲಿಸಿದ್ದರು. ಎರಡೂ ಸೇರಿ, ಹಿಂದೆ ದಾಟಿಹೋಗುವ ದಾರಿಯಾಗಿದ್ದದ್ದು ನೋಡಲೆಂದೇ ಬರುವ ಕೇರಿಯಾಯಿತು.

ನೋಡುವ ಜನ ಬಂದಲ್ಲಿ ಬಾಡಿಗೆಯೂ ಏರುತ್ತದೆ. ಚೀನೀ ಕೇರಿಯ ಸಣ್ಣ ಅಂಗಡಿಗಳು, ಗ್ರೇಂಜ್ ಸುತ್ತಲಿನ ಹಳೆಯ ಬಾಡಿಗೆದಾರರು ಉಳಿದರೆ ಮಾತ್ರ ಈ ಬೀದಿಯ ಚೆಲುವಿಗೆ ಅರ್ಥ. ಈ ಮಾತು ಸಂಸ್ಥೆಯ ಹೊಣೆಗೂ ಸೇರಿದ್ದು. 2019ರಲ್ಲಿ 25 ವರ್ಷದೊಳಗಿನವರಿಗೆ ಪ್ರವೇಶ ಉಚಿತ ಮಾಡಿದ್ದು, ಉಳಿದವರಿಗೆ 35 ಡಾಲರಿಗೆ ವರ್ಷದ ಪಾಸ್ ಕೊಟ್ಟದ್ದು ಆ ದಿಕ್ಕಿನ ಸರಿಯಾದ ಹೆಜ್ಜೆ. ಲಿಸ್ಮರ್ ಅವರ ಶನಿವಾರಗಳ ನೇರ ವಾರಸು ಅದು.

2017ರಲ್ಲಿ ಗ್ರೇಂಜ್ ಪಾರ್ಕ್ ಹೊಸದಾಯಿತು. ಮೂರ್ ಅವರ ಜೋಡಿ ಶಿಲ್ಪವನ್ನು ಮೂಲೆಯಿಂದ ಎತ್ತಿ ಉದ್ಯಾನದ ಹುಲ್ಲಿನ ಮೇಲಿಟ್ಟರು. ಟ್ರಾಮಿನವರಿಗೆ ಬೇಸರವಾಗಿರಬಹುದು. ಮಕ್ಕಳಿಗಂತೂ ವಾಹನಗಳ ಭಯವಿಲ್ಲದೆ ಜಾರಲು ಸಿಕ್ಕಿತು. ಖಾಲಿಯಾದ ಮೂಲೆಗೆ 2022ರಲ್ಲಿ ಬ್ರಯನ್ ಜಂಗೆನ್ ಅವರ 'ಕೌಚ್ ಮಾನ್‌ಸ್ಟರ್' ಬಂತು. ಹಳೆಯ ಚರ್ಮದ ಸೋಫಾಗಳನ್ನು ಜೋಡಿಸಿ ಆನೆಯ ರೂಪ ಕೊಟ್ಟು, ಅದನ್ನು ಕಂಚಿನಲ್ಲಿ ಎರಕ ಹೊಯ್ದದ್ದು. ಆನೆ ಸರ್ಕಸ್ಸಿನದರಂತೆ ಚೆಂಡಿನ ಮೇಲೆ ನಿಂತಿದೆ. 1885ರಲ್ಲಿ ಒಂಟಾರಿಯೊದ ಸೇಂಟ್ ಥಾಮಸ್ ಊರಿನಲ್ಲಿ ರೈಲಿಗೆ ಸಿಕ್ಕಿ ಸತ್ತ ಸರ್ಕಸ್ ಆನೆ ಜಂಬೊನ ನೆನಪು ಅದರ ಹಿಂದಿದೆ. ಜಂಗೆನ್ ಡೇನ್-ಝಾ ಎಂಬ ಮೂಲನಿವಾಸಿ ಸಮುದಾಯದ ಹಿನ್ನೆಲೆಯವರು. ಆ ನೆಲದ ಮೊದಲ ಜನರ ಕಡೆಯಿಂದ ಬಂದ ಕಲಾವಿದರ ಕೃತಿಗೆ ಬೀದಿಯ ಮೂಲೆ ಸಂದದ್ದನ್ನು ಈ ಚರಿತ್ರೆಯ ಮೈಲಿಗಲ್ಲುಗಳಲ್ಲಿ ಒಂದೆಂದೇ ಎಣಿಸಬೇಕು.

2024ರಲ್ಲಿ ಮತ್ತೆ ಕೆಲಸ ಶುರುವಾಗಿದೆ. ಆಧುನಿಕ ಮತ್ತು ಸಮಕಾಲೀನ ಕಲೆಗಾಗಿ ದಾನಿ ಡಾನಿ ರೈಸ್ ಅವರ ಹೆಸರಿನ ಹೊಸ ಕಟ್ಟು, ಸರಕು ಇಳಿಸುವ ಜಾಗದ ಮೇಲೆಯೇ ಏಳುತ್ತಿದೆ. 40,000 ಚದರ ಅಡಿಯ ಈ ಕಟ್ಟಿನ ವಿನ್ಯಾಸಕರಲ್ಲಿ ಡೈಮಂಡ್ ಸ್ಮಿಟ್, ಸೆಲ್ಡಾರ್ಫ್ ಸಂಸ್ಥೆಗಳೊಂದಿಗೆ ಮೂಲನಿವಾಸಿಗಳ ಟೂ ರೋ ಆರ್ಕಿಟೆಕ್ಟ್ ಸಂಸ್ಥೆಯೂ ಇದೆ.

ಮಕ್ಕಳ ಮನೆಗೆಂದು ಟೊರಾಂಟೊಗೆ ಬರುವ ಕನ್ನಡದ ಹಿರಿಯರು ಈಗ ಬಹಳ ಜನ. ಅವರಲ್ಲಿ ನನ್ನದೊಂದು ಕೋರಿಕೆ. ನಯಾಗರ ನೋಡಿ ಬಂದ ಮೇಲೆ ಒಂದು ಮಧ್ಯಾಹ್ನ ಇದಕ್ಕೆ ಮೀಸಲಿಡಿ. ಮೊದಲು ಎದುರಿನ ಪುಟ್‌ಪಾತಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಿರಿ, ಆಮೇಲೆ ಒಳಗೆ ಹೋಗಿ. ಮೊಮ್ಮಕ್ಕಳಿದ್ದರೆ ಹಿಂದಿನ ಉದ್ಯಾನಕ್ಕೆ ಕರೆದುಕೊಂಡು ಹೋಗಿ ಕಂಚಿನ ಮೇಲೆ ಜಾರಲು ಬಿಡಿ. ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ.